ಟಿ ಕೋಶಕ್ಕೆ ಸುಸ್ತಾಗುವುದು ಏಕೆ?

ಚನ್ನಪಟ್ಟಣದ ಗೊಂಬೆ ಕಾರ್ಖಾನೆ. ಲೇತ್‌ನಲ್ಲಿ ಗಿರಗಿರ ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ತೊಳೆದರೂ ಆ ಬಣ್ಣ ಬಿಡಲ್ಲ.

ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳಿಗೂ ಹೀಗೇ ಬಣ್ಣ ಅಂಟುತ್ತದೆ.

ಈ ಕೋಶಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಯಾವ ಜೀನ್ ಆನ್, ಯಾವುದು ಆಫ್ ಅನ್ನುವುದರಲ್ಲೇ ಹಣೆಬರಹ. ವೈರಸ್ ಸೋಂಕಿದಾಗ ಟಿ-ಬೆಟ್ ಎಂಬ ಪ್ರೋಟೀನ್ ಹೆಚ್ಚಾದ ಕೋಶ ಕಾದಾಟಕ್ಕೆ ಇಳಿಯುತ್ತದೆ. ಟಿಸಿಎಫ್-1 ಎಂಬ ಪ್ರೋಟೀನ್ ಉಳಿಸಿಕೊಂಡದ್ದು ರೋಗದ ನೆನಪಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತದೆ.

ಕ್ಯಾನ್ಸರ್ ಗಡ್ಡೆ ಮಾತ್ರ ವಾರದಲ್ಲಿ ತೊಲಗುವಂಥದ್ದಲ್ಲ. ಬಿಡುವಿಲ್ಲದೆ ಕಾದಾಡಿದ ಕೋಶದಲ್ಲಿ ಟಾಕ್ಸ್ ಎಂಬ ಇನ್ನೊಂದು ಪ್ರೋಟೀನ್ ಏರಿ, ಡಿಎನ್‌ಎಯ ಯಾವ ಭಾಗ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಅನ್ನುವುದನ್ನೇ ಬದಲಿಸುತ್ತದೆ. ಕೋಶ ಬದುಕಿರುತ್ತದೆ, ಕಸುವು ಇರಲ್ಲ.

2018ರ ನೊಬೆಲ್ ಪಡೆದ ಸಂಶೋಧನೆಗಳಿಂದ ಹುಟ್ಟಿದ, ಪಿಡಿ-1 ಎಂಬ ಪ್ರೋಟೀನನ್ನು ತಡೆಯುವ ಔಷಧಿ ಇಂಥ ಕೋಶಗಳನ್ನು ಎಬ್ಬಿಸುತ್ತದೆ. ಎದ್ದು ಹೋರಾಡುವುದು ಮುಖ್ಯವಾಗಿ ಟಿಸಿಎಫ್-1 ಉಳಿದವು. ಟಾಕ್ಸ್ ಅಂಟಿಸಿದ ಅರಗು ಬಹುಪಾಲು ಹಾಗೇ.

ಮಾಗಡಿ, ಕನಕಪುರ, ರಾಮನಗರದಿಂದ ಎಷ್ಟೋ ಮನೆಯವರು ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತಾರೆ. ಅದೇ ಬೆಂಗಳೂರಿನಲ್ಲಿ ಈಗ ರೋಗಿಯ ಟಿ ಕೋಶಕ್ಕೆ ಹೊಸ ಜೀನ್ ಸೇರಿಸಿ ಮರಳಿಸುವ ಕಾರ್-ಟಿ ಚಿಕಿತ್ಸೆಯೂ ಇದೆ, ಕೆಲವು ರಕ್ತ ಕ್ಯಾನ್ಸರ್‌ಗಳಿಗೆ. ಆ ಕೋಶಗಳೂ ದಣಿಯುತ್ತವೆ.

ಹಾಗಾದರೆ ಟಾಕ್ಸ್ ಅನ್ನೇ ಕಿತ್ತುಹಾಕಿದರೆ? 2019ರಲ್ಲಿ ಇಲಿಗಳಲ್ಲಿ ಮಾಡಿ ನೋಡಿದರು. ಕೋಶಗಳು ಜೋರಾಗಿಯೇ ಕಾದಾಡಿದವು, ಆದರೆ ಹೆಚ್ಚು ಕಾಲ ಉಳಿಯಲಿಲ್ಲ. ಆ ಸುಸ್ತೇ ಅವುಗಳ ಜೀವ ಕಾಯುತ್ತಿತ್ತು!