ಅಬ್ಬಾ ತಂಡದ 1979ರ ಯುರೋಪ್ ಪ್ರವಾಸ

ಅಬ್ಬಾ ತಂಡದ 1979ರ ಯುರೋಪ್ ಪ್ರವಾಸವು ಸ್ವೀಡನ್ನಿನ ಪಾಪ್ ಸಂಗೀತ ತಂಡವಾದ ಅಬ್ಬಾ 1979ರ ಅಕ್ಟೋಬರ್ 19ರಿಂದ ನವೆಂಬರ್ 15ರವರೆಗೆ ನಡೆಸಿದ ಸಂಗೀತ ಕಚೇರಿಗಳ ಸರಣಿಯಾಗಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಆರಂಭವಾಗಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಮುಗಿದ ಈ ಪ್ರವಾಸದಲ್ಲಿ ಒಟ್ಟು 23 ಕಚೇರಿಗಳು ನಡೆದವು. ಇದಕ್ಕೆ ಮುನ್ನ ತಂಡವು ಕೆನಡಾ ಮತ್ತು ಅಮೆರಿಕಗಳಲ್ಲಿ ಹಾಡಿ ಬಂದಿತ್ತು. ಅಬ್ಬಾ ಯುರೋಪಿನಲ್ಲಿ ಕೈಗೊಂಡ ಕೊನೆಯ ಪ್ರವಾಸ ಇದು.

ಹಿನ್ನೆಲೆ

ಆಗ್ನೆಥಾ ಫೆಲ್ಟ್‌ಸ್ಕೋಗ್, ಬ್ಯೋರ್ನ್ ಉಲ್ವೇಯಸ್, ಬೆನ್ನಿ ಆಂಡರ್ಸನ್ ಮತ್ತು ಆನ್ನಿ-ಫ್ರಿಡ್ ಲಿಂಗ್‌ಸ್ಟಾಡ್ (ಫ್ರಿಡಾ) ಈ ತಂಡದ ಸದಸ್ಯರು. ನಾಲ್ವರ ಹೆಸರುಗಳ ಮೊದಲ ಅಕ್ಷರಗಳು ಸೇರಿಯೇ ತಂಡದ ಹೆಸರಾಯಿತು. 1974ರಲ್ಲಿ ಬ್ರೈಟನ್‌ನಲ್ಲಿ ನಡೆದ ಯೂರೋವಿಷನ್ ಗೀತಸ್ಪರ್ಧೆಯನ್ನು ‘ವಾಟರ್ಲೂ’ ಹಾಡಿನಿಂದ ಗೆದ್ದ ಮೇಲೆ ತಂಡದ ಕೀರ್ತಿ ಹಬ್ಬಿತು. ಆದರೂ ಅಬ್ಬಾ ಊರೂರು ತಿರುಗಿ ಹಾಡುವ ತಂಡವಾಗಿರಲಿಲ್ಲ. 1977ರಲ್ಲಿ ಯುರೋಪ್ ಹಾಗೂ ಆಸ್ಟ್ರೇಲಿಯಾಗಳಲ್ಲಿ ಸಂಚರಿಸಿದ ಬಳಿಕ ಎರಡು ವರ್ಷಗಳಿಗೂ ಹೆಚ್ಚು ಕಾಲ ಅದು ದೊಡ್ಡ ಪ್ರವಾಸ ಕೈಗೊಳ್ಳಲಿಲ್ಲ.

ತಂಡದಲ್ಲಿ ಎರಡು ದಂಪತಿಗಳಿದ್ದರು. ಬೆನ್ನಿ ಮತ್ತು ಫ್ರಿಡಾ 1978ರಲ್ಲಿ ವಿವಾಹವಾದರು. ಕೆಲವೇ ತಿಂಗಳಲ್ಲಿ, 1979ರ ಜನವರಿಯಲ್ಲಿ, ಬ್ಯೋರ್ನ್ ಮತ್ತು ಆಗ್ನೆಥಾ ತಾವು ಬೇರೆಯಾಗುತ್ತಿರುವುದಾಗಿ ಪ್ರಕಟಿಸಿದರು. ತಂಡ ಮುರಿಯುವುದೆಂಬ ಊಹೆಗಳೆದ್ದವು. ತಂಡ ಮುರಿಯಲಿಲ್ಲ, ಏಪ್ರಿಲ್‌ನಲ್ಲಿ ‘ವೂಲೇ-ವೂ’ ಆಲ್ಬಮ್ ಹೊರಬಂದಿತು, ಸೆಪ್ಟೆಂಬರಿನಲ್ಲಿ ಪ್ರವಾಸ ಆರಂಭವಾಯಿತು. ಆಗ್ನೆಥಾ ಅವರ ಮಕ್ಕಳಿಬ್ಬರೂ ಆಗ ಚಿಕ್ಕವರು. ಮಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮಕ್ಕಳನ್ನು ಬಿಟ್ಟು ವಾರಗಟ್ಟಲೆ ಹೊರಗಿರುವುದು ಅವರಿಗೆ ಇಷ್ಟವಿರಲಿಲ್ಲ. ಅಕ್ಟೋಬರ್ ಆರಂಭದಲ್ಲಿ ನ್ಯೂಯಾರ್ಕಿನಿಂದ ಬಾಸ್ಟನ್‌ಗೆ ಹೊರಟ ಚಿಕ್ಕ ವಿಮಾನವು ಬಿರುಗಾಳಿಗೆ ಸಿಕ್ಕಿ, ಬಾಸ್ಟನ್‌ನಲ್ಲಿ ಇಳಿಯಲಾಗದೆ ಬೇರೊಂದು ಊರಿನಲ್ಲಿ ಇಳಿಯಬೇಕಾಯಿತು. ವಿಮಾನಯಾನವೆಂದರೆ ಅವರಿಗಿದ್ದ ಭಯ ಇದರಿಂದ ಇನ್ನಷ್ಟು ಬಲವಾಯಿತು. ಮುಂದಿನ ವಾಷಿಂಗ್ಟನ್ ಕಚೇರಿ ರದ್ದಾಯಿತು. ಯುರೋಪಿನ ಹಂತಕ್ಕೆ ತಂಡ ಬಂದದ್ದು ಈ ಆಯಾಸದೊಂದಿಗೆ.

ಸ್ಟುಡಿಯೋ ಮತ್ತು ಅರೀನಾ

ಅರೀನಾ ಎಂದರೆ ಸಾವಿರಾರು ಜನ ಕೂರಬಲ್ಲ ಒಳಾಂಗಣ. ಇವುಗಳಲ್ಲಿ ಬಹುಪಾಲು ಸಂಗೀತಕ್ಕಾಗಿ ಕಟ್ಟಿದವಲ್ಲ. ಗೋಥೆನ್‌ಬರ್ಗಿನ ಸ್ಕ್ಯಾಂಡಿನೇವಿಯಂ ಐಸ್ ಹಾಕಿಯ ಅಂಗಣ. ಲಂಡನ್ನಿನ ವೆಂಬ್ಲಿ ಅರೀನಾ 1934ರಲ್ಲಿ ಈಜುಕೊಳವಾಗಿ ನಿರ್ಮಾಣವಾದದ್ದು. ಇಂತಹ ಕಟ್ಟಡಗಳಲ್ಲಿ ಸ್ವರವು ಗೋಡೆಗಳಿಗೆ ಬಡಿದು ಪ್ರತಿಧ್ವನಿಸುತ್ತದೆ.

ಅಬ್ಬಾ ತಂಡಕ್ಕೆ ಇದು ವಿಶೇಷವಾದ ತೊಡಕು. ಅದರ ಧ್ವನಿಮುದ್ರಿಕೆಗಳಲ್ಲಿ ಕೇಳುವ ತುಂಬುನಾದವು ಧ್ವನಿತಂತ್ರಜ್ಞ ಮೈಕೆಲ್ ಟ್ರೆಟೋವ್ ಅವರೊಡಗೂಡಿ ರೂಪಿಸಿದ್ದು. ಅದೇ ಕಂಠಗಳನ್ನು, ಅದೇ ವಾದ್ಯಗಳನ್ನು ಮತ್ತೆ ಮತ್ತೆ ಮುದ್ರಿಸಿ ಪದರಪದರವಾಗಿ ಸೇರಿಸಿದ್ದರ ಫಲ. ವೇದಿಕೆಯ ಮೇಲೆ ಒಬ್ಬ ಗಾಯಕಿಗೆ ಇರುವುದು ಒಂದೇ ಕಂಠ. ಹೀಗಾಗಿ ಟೋಮಸ್ ಲೆಡಿನ್, ಬಿರ್ಗಿಟ್ಟಾ ವೋಲ್‌ಗಾರ್ಡ್ ಮತ್ತು ಲೀಸಾ ಓಮನ್ ಎಂಬ ಮೂವರು ಸಹಗಾಯಕರನ್ನೂ, ಸ್ಟುಡಿಯೋದಲ್ಲಿ ನುಡಿಸುತ್ತಿದ್ದ ಡ್ರಮ್ ವಾದಕ ಓಲಾ ಬ್ರುಂಕರ್ಟ್, ಬಾಸ್ ವಾದಕ ರುಟ್ಗರ್ ಗುನ್ನಾರ್‌ಸನ್, ಗಿಟಾರ್ ವಾದಕ ಲಾಸ್ಸೆ ವೆಲಾಂಡರ್ ಮೊದಲಾದವರನ್ನೂ ಕರೆದೊಯ್ಯಲಾಯಿತು. ಕಚೇರಿಯ ಹಾಡುಗಳು ಮುದ್ರಿಕೆಯಷ್ಟು ನಯವಾಗಿಲ್ಲ. ಅವುಗಳ ವೇಗ ಮತ್ತು ಬಿರುಸು ಹೆಚ್ಚು. ಅಬ್ಬಾ ಕೇವಲ ಸ್ಟುಡಿಯೋದ ಕೈಚಳಕವೆಂದು ನಂಬಿದವರು ಇವನ್ನು ಕೇಳಬೇಕು.

ರೂನೆ ಸೋಡರ್‌ಕ್ವಿಸ್ಟ್ ಅವರು ರೂಪಿಸಿದ ರಂಗಸಜ್ಜಿಕೆಯಲ್ಲಿ ಹಿಮಪರ್ವತದ ಶಿಖರಗಳನ್ನು ನೆನಪಿಸುವ ಆಕಾರಗಳು ನೀಲಿ ಛಾಯೆಗಳಲ್ಲಿದ್ದವು.

ಪ್ರವಾಸದ ಹಾದಿ

ಗೋಥೆನ್‌ಬರ್ಗ್, ಸ್ಟಾಕ್‌ಹೋಮ್, ಕೋಪನ್‌ಹೇಗನ್‌ಗಳ ನಂತರ ಅಕ್ಟೋಬರ್ 23ರಂದು ತಂಡವು ಪ್ಯಾರಿಸ್‌ನಲ್ಲಿ ಹಾಡಿತು. ಅಲ್ಲಿಂದ ನವೆಂಬರ್ 3ರ ಬ್ರಸೆಲ್ಸ್ ಕಚೇರಿಯವರೆಗಿನ 12 ದಿನಗಳಲ್ಲಿ ಆರು ದೇಶಗಳಲ್ಲಿ 10 ಕಚೇರಿಗಳು ನಡೆದವು. ನವೆಂಬರ್ 5ರಿಂದ 10ರವರೆಗೆ ವೆಂಬ್ಲಿಯಲ್ಲಿ ಸತತ ಆರು ರಾತ್ರಿ ಹಾಡಿ, ಸ್ಟಾಫರ್ಡ್ ಮತ್ತು ಗ್ಲಾಸ್ಗೋಗಳ ಮೂಲಕ ತಂಡ ಡಬ್ಲಿನ್ ತಲುಪಿತು.

ಹಾಡುಗಳು

‘ನೋಯಿಂಗ್ ಮಿ, ನೋಯಿಂಗ್ ಯೂ’ ದಾಂಪತ್ಯವೊಂದು ಮುರಿದುದರ ಹಾಡು. ಅದನ್ನು ರಚಿಸಿದ್ದು 1976ರಲ್ಲಿ, ತಂಡದ ಎರಡೂ ಜೋಡಿಗಳು ಒಟ್ಟಿಗಿದ್ದಾಗ. ಹಾಡಿನ ಪ್ರಧಾನ ಕಂಠ ಫ್ರಿಡಾ ಅವರದು. ಆದರೆ 1979ರಲ್ಲಿ ಬ್ಯೋರ್ನ್ ಮತ್ತು ಆಗ್ನೆಥಾ ಅದೇ ವೇದಿಕೆಯ ಮೇಲೆ ನಿಂತು ದನಿಗೂಡಿಸಬೇಕಾಗಿತ್ತು. ಆಗ್ನೆಥಾ ಪಿಯಾನೋ ನುಡಿಸುತ್ತ ಒಬ್ಬರೇ ಹಾಡುತ್ತಿದ್ದ ‘ಐಯಾಮ್ ಸ್ಟಿಲ್ ಅಲೈವ್’ ಇನ್ನೂ ಗಮನಾರ್ಹ. ಅದರ ಸ್ವರಸಂಯೋಜನೆ ಆಗ್ನೆಥಾ ಅವರದು, ಸಾಹಿತ್ಯ ಬ್ಯೋರ್ನ್ ಅವರದು. ಬೇರೆಯಾದ ದಂಪತಿಗಳು ಸೇರಿ ರಚಿಸಿದ ಈ ಹಾಡನ್ನು ಅಬ್ಬಾ ಸ್ಟುಡಿಯೋ ಮುದ್ರಿಕೆಯಾಗಿ ಹೊರತರಲಿಲ್ಲ.

‘ಐ ಹ್ಯಾವ್ ಎ ಡ್ರೀಮ್’ ಹಾಡಿಗೆ ಮಕ್ಕಳ ವೃಂದವು ವೇದಿಕೆಯ ಮೇಲೆ ಬಂದು ದನಿಗೂಡಿಸುತ್ತಿತ್ತು. ಡಿಸೆಂಬರಿನಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ಧ್ವನಿಮುದ್ರಣಗಳು

ವೆಂಬ್ಲಿಯಲ್ಲಿ ಮುದ್ರಿಸಿದ ‘ದ ವೇ ಓಲ್ಡ್ ಫ್ರೆಂಡ್ಸ್ ಡೂ’ 1980ರ ‘ಸೂಪರ್ ಟ್ರೂಪರ್’ ಆಲ್ಬಮ್ಮಿನ ಕೊನೆಯ ಹಾಡಾಯಿತು. 1986ರಲ್ಲಿ ಬಂದ ‘ಅಬ್ಬಾ ಲೈವ್’ ಸಂಪುಟವೂ ಈ ಪ್ರವಾಸದ ಕೆಲವು ಹಾಡುಗಳನ್ನು ಒಳಗೊಂಡಿದೆ. ಅದರಲ್ಲಿ ತಿದ್ದುಪಡಿ ಹೆಚ್ಚು. ವೆಂಬ್ಲಿಯ ಇಡೀ ಕಚೇರಿ ‘ಲೈವ್ ಅಟ್ ವೆಂಬ್ಲಿ ಅರೀನಾ’ ಎಂಬ ಹೆಸರಿನಲ್ಲಿ ಪ್ರಕಟವಾಗಲು 2014ರವರೆಗೆ ಕಾಯಬೇಕಾಯಿತು. ಅದನ್ನು ಸಿದ್ಧಪಡಿಸಿದವರು ಬೆನ್ನಿ ಅವರ ಮಗ ಲುಡ್ವಿಗ್ ಆಂಡರ್ಸನ್.

1980ರ ಮಾರ್ಚ್‌ನಲ್ಲಿ ಜಪಾನಿನಲ್ಲಿ 11 ಕಚೇರಿಗಳನ್ನು ನೀಡಿದ ಅಬ್ಬಾ, ಮತ್ತೆ ಪ್ರವಾಸ ಹೊರಡಲಿಲ್ಲ.