ಹಿತ್ತಿಲ ತೋಟಕ್ಕೆ ತಕ್ಕ ಟೊಮ್ಯಾಟೊ ತಳಿಗಳು

ಬೆಂಗಳೂರಿಗೆ ಪೂರ್ವದಲ್ಲಿರುವ ಕಾಡುಗೋಡಿಯ ಸುತ್ತಲಿನ ಪ್ರದೇಶವು ಮೂಲತಃ ರಾಗಿಯ ಸೀಮೆ. ಇದಕ್ಕೆ ತಗುಲಿದ ವೈಟ್‌ಫೀಲ್ಡ್ ಸಹ ೧೮೮೨ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ದಯಪಾಲಿಸಿದ ಭೂಮಿಯ ಮೇಲೆ ಬೇಸಾಯದ ಉದ್ದೇಶದಿಂದಲೇ ಏರ್ಪಟ್ಟ ವಸಾಹತಾಗಿತ್ತು. ಆ ಹೊಲಗಳ ಬಹುಭಾಗವು ಈಗ ಕಾರ್ಖಾನೆಗಳಿಗೂ ಕಚೇರಿಗಳಿಗೂ ವಸತಿಗಳಿಗೂ ಸಂದಿದೆ. ೨೦೨೩ರ ಮಾರ್ಚಿ ತಿಂಗಳಲ್ಲಿ ಮೆಟ್ರೋ ರೈಲು ಸಹ ಕಾಡುಗೋಡಿಯನ್ನು ಮುಟ್ಟಿತು. ಹೊಲ ಹೋದ ಮನೆತನಗಳಲ್ಲಿಯೂ ಹಿತ್ತಿಲು ಅಲ್ಲಲ್ಲಿ ಉಳಿದುಕೊಂಡಿದೆ. ಅದರಲ್ಲಿ ಬೆಳೆಯತಕ್ಕ ತರಕಾರಿಗಳ ಪೈಕಿ ಟೊಮ್ಯಾಟೊ ನಿತ್ಯವೂ ಅಡಿಗೆಗೆ ಬೇಕಾದದ್ದು. ೨೦೨೩ರ ಜುಲೈಯಲ್ಲಿ ಇದರ ಬೆಲೆಯು ಕಿಲೋ ಒಂದಕ್ಕೆ ನೂರು ರೂಪಾಯಿಗಳನ್ನು ಮೀರಿದುದನ್ನು ಗೃಹಸ್ಥರು ಮರೆತಿರಲಾರರು. ಆದರೂ ಹಿತ್ತಿಲಲ್ಲಿ ಇದನ್ನು ನೆಟ್ಟು, ಫಲ ಕಾಣದೆ ಕೈಬಿಟ್ಟವರು ಉಂಟು. ಅನೇಕ ವೇಳೆ ಇದಕ್ಕೆ ಕಾರಣವು ನೀರು ಗೊಬ್ಬರಗಳ ಕೊರತೆಯಲ್ಲ. ಸ್ಥಳಕ್ಕೂ ಕಾಲಕ್ಕೂ ಒಪ್ಪದ ತಳಿಯನ್ನು ಆರಿಸಿದುದೇ ಆಗಿರುತ್ತದೆ.

ಮಾರುಕಟ್ಟೆಯ ಹಣ್ಣು, ಮನೆಯ ಹಣ್ಣು

ಕಾಡುಗೋಡಿಗೆ ಮೂಡಲಲ್ಲಿರುವ ಕೋಲಾರದ ಟೊಮ್ಯಾಟೊ ಮಾರುಕಟ್ಟೆಯು ಏಷ್ಯಾ ಖಂಡದಲ್ಲಿಯೇ ದೊಡ್ಡವೆನಿಸಿದವುಗಳಲ್ಲಿ ಒಂದು. ಅಲ್ಲಿಂದ ಹಣ್ಣು ಲಾರಿಗಳಲ್ಲಿ ದೂರದ ರಾಜ್ಯಗಳಿಗೆ ಹೋಗಬೇಕಾದುದರಿಂದ, ವ್ಯಾಪಾರಕ್ಕಾಗಿ ಬೆಳೆಯುವವರು ಸಿಪ್ಪೆ ಗಟ್ಟಿಯಾಗಿ, ತಿರುಳು ದಪ್ಪವಾಗಿ, ಹಣ್ಣುಗಳೆಲ್ಲ ಒಂದೇ ಗಾತ್ರವಾಗಿರುವ ಸಂಕರಣ ತಳಿಗಳನ್ನು ಬಯಸುವುದು ಯುಕ್ತವೇ. ಹಿತ್ತಿಲಿನ ಹಣ್ಣಾದರೋ ಹತ್ತು ಹೆಜ್ಜೆ ನಡೆದರೆ ಅಡಿಗೆಮನೆಯನ್ನು ಸೇರುತ್ತದೆ. ಅದಕ್ಕೆ ಗಟ್ಟಿ ಸಿಪ್ಪೆಯ ಅವಶ್ಯಕತೆ ಇಲ್ಲ. ರಸವೂ ಹುಳಿಯೂ ಮುಖ್ಯ. ಸಾರಿಗೂ ಗೊಜ್ಜಿಗೂ ತೆಳುಸಿಪ್ಪೆಯ, ಹುಳಿಯಾದ ನಾಟಿ ಹಣ್ಣನ್ನೇ ಮನೆಯವರು ಕೇಳುವುದು ಈ ಕಾರಣದಿಂದಲೇ. ನಾಟಿ ಬೀಜ ದೊರೆಯದಿದ್ದಲ್ಲಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ರೂಬಿ ಎಂಬ ತಳಿಯು ರುಚಿಯಲ್ಲಿ ಅದಕ್ಕೆ ಸಮೀಪವಾದುದು. ಆದರೆ ಅದಕ್ಕೆ ಎಲೆ ಮುದುರು ರೋಗವನ್ನು ತಡೆಯುವ ಶಕ್ತಿ ಇಲ್ಲವಾದುದರಿಂದ ಬೇಸಗೆಯಲ್ಲಿ ನೆಡಬಾರದು.

ಬೆಂಗಳೂರಿಗೆ ಸಮೀಪದ ಹೆಸರುಘಟ್ಟದಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 'ಅರ್ಕಾ' ಎಂಬ ಹೆಸರಿನಿಂದ ಅನೇಕ ತಳಿಗಳನ್ನು ಹೊರತಂದಿದೆ. ಅಮೆರಿಕೆಯ ಟಿಪ್ ಟಾಪ್ ಎಂಬ ತಳಿಯಿಂದ ಆರಿಸಿ ತೆಗೆದ ಅರ್ಕಾ ವಿಕಾಸ್ ಮನೆಯ ಬಳಕೆಗೆ ಒಳ್ಳೆಯದು. ಹಣ್ಣು ೮೦ರಿಂದ ೯೦ ಗ್ರಾಂ ತೂಗುತ್ತದೆ. ಇದರ ಸಂತತಿಯೇ ಆದ ಅರ್ಕಾ ಮೇಘಾಲಿಯು ಸುಮಾರು ೬೫ ಗ್ರಾಂ ತೂಕದ ಹಣ್ಣು ಬಿಡುವುದಲ್ಲದೆ ಮಳೆಯಾಶ್ರಯದಲ್ಲಿಯೂ ಬೆಳೆಯುವುದರಿಂದ, ಕೊಳವೆಬಾವಿಯಲ್ಲಿ ನೀರು ಸಾಲದ ಮನೆಗಳಿಗೆ ಅನುಕೂಲವಾದುದು.

ಸ್ಥಳದ ರೋಗವನ್ನು ತಿಳಿಯುವ ಕ್ರಮ

ರುಚಿಯನ್ನು ನಿಶ್ಚಯಿಸಿಕೊಂಡ ಮೇಲೆ ಲಕ್ಷ್ಯವಿಡತಕ್ಕ ವಿಷಯವು ರೋಗ. ಸಮುದ್ರಮಟ್ಟಕ್ಕೆ ಸುಮಾರು ೩,೦೦೦ ಅಡಿ ಎತ್ತರದ ಈ ಸೀಮೆಯ ಹವೆಯಲ್ಲಿ ಟೊಮ್ಯಾಟೊ ವರ್ಷದ ಎಲ್ಲ ಕಾಲದಲ್ಲಿಯೂ ಬೆಳೆಯಬಲ್ಲುದು. ಆದರೆ ಪ್ರತಿಯೊಂದು ಕಾಲಕ್ಕೂ ಅದರದೇ ಆದ ಶತ್ರು ಉಂಟು.

ಫೆಬ್ರುವರಿಯಿಂದ ಮೇ ವರೆಗೆ ಎಲೆ ಮುದುರು ರೋಗವು ಪ್ರಬಲವಾಗಿರುತ್ತದೆ. ಇದೊಂದು ವೈರಸ್ಸಿನ ಬೇನೆ. ಬಿಳಿ ನೊಣವು ಇದನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಎಲೆಗಳು ಮುದುರಿ ಗಿಡ ಕುಬ್ಜವಾಗಿ ಹೂ ನಿಲ್ಲದಂತಾಗುತ್ತದೆ. ತಗುಲಿದ ಗಿಡಕ್ಕೆ ಔಷಧವಿಲ್ಲ, ಕಿತ್ತು ಸುಡತಕ್ಕದ್ದು. ಬೇಸಗೆಯಲ್ಲಿ ನೆಡುವವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಈ ರೋಗಕ್ಕಾಗಿಯೇ ಸಿದ್ಧಪಡಿಸಿದ ಸಂಕ್ರಾಂತಿ, ನಂದಿ, ವೈಭವ ಎಂಬ ತಳಿಗಳಲ್ಲೊಂದನ್ನು ಆರಿಸುವುದು ಕ್ಷೇಮ. ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಹೊದಿಸಿದರೆ ನೊಣದ ಬಾಧೆಯು ಆರಂಭದಲ್ಲಿಯೇ ತಪ್ಪುತ್ತದೆ.

ಎರಡನೆಯದು ಮಣ್ಣಿನಲ್ಲಿ ಅಡಗಿರುವ ದುಂಡಾಣು ಸೊರಗು ರೋಗ. ಹಸುರಾಗಿದ್ದ ಗಿಡವು ಎಲೆ ಹಳದಿಯಾಗದೆಯೇ ತಟ್ಟನೆ ಬಾಡಿ ನಿಲ್ಲುತ್ತದೆ. ನೀರಿನ ಕೊರತೆಯೆಂದು ಭಾವಿಸಿ ನೀರೆರೆದರೆ ಪ್ರಯೋಜನವಿಲ್ಲ. ನಿಜವನ್ನರಿಯಲು ಸುಲಭವಾದ ಪರೀಕ್ಷೆಯೊಂದಿದೆ: ಬಾಡಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಅದರ ತುದಿಯನ್ನು ಅಲುಗದಂತೆ ಇಳಿಬಿಡಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿಯ ಎಳೆಗಳು ನೀರಿಗೆ ಇಳಿದು ಬಂದರೆ ಈ ರೋಗವೆಂದು ತಿಳಿಯತಕ್ಕದ್ದು. ಅಂಥ ನೆಲಕ್ಕೆ ಅರ್ಕಾ ಆಭಾ ಅಥವಾ ಅರ್ಕಾ ಆಲೋಕ್ ತಕ್ಕುವು. ತೈವಾನಿನ ತರಕಾರಿ ಸಂಶೋಧನಾ ಕೇಂದ್ರದಿಂದ ತರಿಸಿದ ಬೀಜದಿಂದ ಇವೆರಡನ್ನೂ ಆರಿಸಲಾಯಿತು. ಬದನೆ, ಮೆಣಸಿನಕಾಯಿ, ಆಲೂಗೆಡ್ಡೆಗಳು ಟೊಮ್ಯಾಟೊವಿನ ಕುಲಕ್ಕೇ ಸೇರಿ ಇದೇ ರೋಗಕ್ಕೆ ತುತ್ತಾಗುವುದರಿಂದ, ಆ ಪಾತಿಯಲ್ಲಿ ಅವುಗಳನ್ನು ಬಿಟ್ಟು ರಾಗಿಯನ್ನೋ ಮುಸುಕಿನ ಜೋಳವನ್ನೋ ಹಾಕುವುದು ಲೇಸು.

ಮೂರನೆಯದು ಮಳೆಗಾಲದ ಅಂಗಮಾರಿ. ಎಲೆಗಳ ಮೇಲೆ ಬಳೆಬಳೆಯಾದ ಕಂದು ಚುಕ್ಕೆಗಳು ಮೂಡಿ, ಕೆಳಗಿನಿಂದ ಎಲೆ ಒಣಗುತ್ತ ಬರುತ್ತದೆ. ಹೆಸರುಘಟ್ಟದ ಅರ್ಕಾ ರಕ್ಷಕ್, ಅರ್ಕಾ ಸಮ್ರಾಟ್ ಎಂಬ ಸಂಕರಣ ತಳಿಗಳು ಈ ಮೂರು ರೋಗಗಳನ್ನೂ ತಡೆಯಬಲ್ಲವು. ಇವುಗಳ ಗಿಡ ಎತ್ತರವಾಗಿ ಬೆಳೆಯುವುದರಿಂದ ಕೋಲಿನ ಆಸರೆ ಅವಶ್ಯ. ಸಾಲಿನಿಂದ ಸಾಲಿಗೆ ಮೂರಡಿ ಬಿಡಬೇಕು. ಗಿಡ್ಡವಾಗಿ ಬೆಳೆಯುವ ತಳಿಗಳಿಗೆ ಸಾಲಿನ ನಡುವೆ ಎರಡಡಿ, ಗಿಡಗಳ ನಡುವೆ ಒಂದೂವರೆ ಅಡಿ ಸಾಕು.

ಬೀಜದ ವಿಚಾರ

ಸಂಕರಣ ತಳಿಗೆ ಒಂದು ನಿರ್ಬಂಧವುಂಟು. ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲನೆಯ ಪೀಳಿಗೆಯಲ್ಲಿ ಮಾತ್ರ ಅದರ ಗುಣಗಳೆಲ್ಲವೂ ಒಟ್ಟಾಗಿರುತ್ತವೆ. ಆ ಹಣ್ಣಿನ ಬೀಜವನ್ನು ಮತ್ತೆ ಬಿತ್ತಿದರೆ ಗಿಡಗಳು ನಾನಾ ಬಗೆಯಾಗಿ ಒಡೆದು, ರೋಗನಿರೋಧ ಕೆಲವಕ್ಕೆ ಉಳಿದು ಕೆಲವಕ್ಕೆ ಹೋಗುತ್ತದೆ. ಆದಕಾರಣ ಪ್ರತಿ ಬೆಳೆಗೂ ಹೊಸ ಬೀಜವನ್ನು ಕೊಳ್ಳಬೇಕು. ನಾಟಿ, ಪೂಸಾ ರೂಬಿ, ಅರ್ಕಾ ವಿಕಾಸ್, ಸಂಕ್ರಾಂತಿ ಮೊದಲಾದುವು ಹಾಗಲ್ಲ. ಟೊಮ್ಯಾಟೊ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಇವುಗಳ ಬೀಜವು ವರ್ಷ ವರ್ಷವೂ ತಳಿಯ ಗುಣವನ್ನು ಕಾದುಕೊಳ್ಳುತ್ತದೆ.

ಬೀಜ ತೆಗೆಯುವ ಕ್ರಮ ಹೀಗೆ: ರೋಗವಿಲ್ಲದ, ಚೆನ್ನಾಗಿ ಫಲ ಕೊಟ್ಟ ನಾಲ್ಕಾರು ಗಿಡಗಳಿಗೆ ಮೊದಲೇ ಗುರುತು ಕಟ್ಟಿ, ಅವುಗಳ ಪೂರ್ಣ ಮಾಗಿದ ಹಣ್ಣನ್ನು ಹಿಸುಕಿ ರಸಸಮೇತ ಮಡಕೆಯಲ್ಲಿ ಒಂದೆರಡು ದಿವಸ ಹುಳಿಯಲು ಬಿಡಬೇಕು. ಬೀಜಕ್ಕಂಟಿದ ಲೋಳೆ ಕರಗಿದ ಮೇಲೆ ನೀರಿನಲ್ಲಿ ತೊಳೆದು, ತೇಲುವ ಜಳ್ಳನ್ನು ಚೆಲ್ಲಿ, ತಳದಲ್ಲಿ ನಿಂತ ಬೀಜವನ್ನು ನೆರಳಿನಲ್ಲಿ ಒಣಗಿಸಿ, ತೇವ ತಾಗದಂತೆ ಇಡತಕ್ಕದ್ದು. ಹೀಗಿಟ್ಟ ಬೀಜ ಮೂರು ನಾಲ್ಕು ವರ್ಷ ಮೊಳೆಯುತ್ತದೆ.

ಗ್ರಾಮದ ಹಿರಿಯರ ಕರ್ತವ್ಯ

ಮನೆಯೊಂದಕ್ಕೆ ಇಪ್ಪತ್ತು ಗಿಡಗಳು ಸಾಕು. ಗಿಡಕ್ಕೆ ಒಂದು ಕಿಲೋವಿಗೆ ತುಸು ಮೇಲೆಂದರೂ ಇಪ್ಪತ್ತೈದು ಕಿಲೋ ಹಣ್ಣಾಗಿ, ಐವತ್ತು ದಿವಸ ದಿನಕ್ಕೆ ಅರ್ಧ ಕಿಲೋ ಸಿಕ್ಕುತ್ತದೆ. ಎಲ್ಲವನ್ನೂ ಒಂದೇ ತಳಿಯಿಂದ ತುಂಬದೆ, ಹತ್ತು ಗಿಡ ರೋಗ ತಡೆಯುವ ತಳಿಯನ್ನೂ ಹತ್ತು ಗಿಡ ನಾಟಿಯನ್ನೂ ಇಡುವುದು ವಿವೇಕ. ಒಂದು ಕೆಟ್ಟರೂ ಇನ್ನೊಂದು ಕೈಹಿಡಿಯುತ್ತದೆ.

ಹೆಸರುಘಟ್ಟದ ತಳಿಗಳ ಬೀಜವು ಆ ಸಂಸ್ಥೆಯಲ್ಲಿ ಕ್ರಯಕ್ಕೆ ದೊರೆಯುತ್ತದೆ. ನಾಟಿ ಬೀಜವಾದರೋ ಅದನ್ನು ಬೆಳೆಯುವ ಮನೆಗಳಲ್ಲಿ ಮಾತ್ರ ಉಳಿಯತಕ್ಕದ್ದು. ಹೊಲಗಳು ಒಂದೊಂದಾಗಿ ಕಟ್ಟಡಗಳಾಗುತ್ತಿರುವ ಕಾಡುಗೋಡಿಯಂಥ ಊರುಗಳಲ್ಲಿ ಎರಡು ಮೂರು ವರ್ಷ ಯಾರೂ ಬೀಜ ತೆಗೆಯದಿದ್ದರೆ ಆ ತಳಿಯು ಆ ಊರಿನ ಪಾಲಿಗೆ ಇಲ್ಲವಾಗುತ್ತದೆ. ಇನ್ನೂ ನೆಲವುಳ್ಳ ಹಿರಿಯರು ಈ ಭಾರವನ್ನು ವಹಿಸುವುದು ಸುಲಭಸಾಧ್ಯ. ಒಂದು ಗ್ರಾಂ ತೂಕದಲ್ಲಿ ಸುಮಾರು ೩೦೦ ಬೀಜಗಳಿರುತ್ತವೆ. ಮೊಳೆಯದೆ ಹೋಗುವುದನ್ನು ಕಳೆದರೂ ಹತ್ತು ಮನೆಗಳ ಹಿತ್ತಿಲಿಗೆ ಅಷ್ಟು ಸಾಕು.