ಹಳೆ ಟೀ ಶರ್ಟಿಗೆ ಕತ್ತರಿಯೊಂದಿದ್ದರೆ ಸಾಕು

ಗಾವಡಗೆರೆ ಹೋಬಳಿಯ ಯಾವ ಹಳ್ಳಿಗೆ ಹೋದರೂ ಹಿತ್ತಲಿನ ತಂತಿಯ ಮೇಲೆ ನಾಲ್ಕಾರು ಟೀ ಶರ್ಟುಗಳು ಒಣಗುತ್ತಿರುತ್ತವೆ. ಒಂದು ಬೀಜದ ಕಂಪನಿಯವರು ಹಂಚಿದ್ದು, ಒಂದು ಚುನಾವಣೆಯಲ್ಲಿ ಬಂದದ್ದು, ಇನ್ನೊಂದು ಮೈಸೂರಿನಲ್ಲಿ ಓದುವ ಮಗ ಬಿಟ್ಟುಹೋದದ್ದು. ಹಿರಿಯರು ಇದನ್ನೂ ಬನೀನು ಅಂತಲೇ ಕರೆಯುತ್ತಾರೆ. ಕರೆಯುವುದು ಸರಿಯೇ, ಎರಡರ ಬಟ್ಟೆಯೂ ಒಂದೇ ಜಾತಿ. ಒಂದು ವರ್ಷ ಮೈಮೇಲೆ, ಇನ್ನೊಂದು ವರ್ಷ ಹೊಲದಲ್ಲಿ, ಆಮೇಲೆ ತಿಪ್ಪೆಗೆ ಹೋಗುತ್ತದೆ. ಒಂದು ಹತ್ತಿ ಟೀ ಶರ್ಟಿನ ಹಿಂದೆ, ಹತ್ತಿ ಬೆಳೆದ ನೀರೂ ಸೇರಿ, ಸುಮಾರು 2,700 ಲೀಟರು ನೀರು ಇದೆಯೆಂದು ಅಂದಾಜು ಮಾಡಿದ್ದಾರೆ. ಎಚ್.ಡಿ. ಕೋಟೆ ಕಡೆ ಮಳೆ ನಂಬಿ ಹತ್ತಿ ಹಾಕುವವರಿಗೆ ಆ ನೀರಿನ ಬೆಲೆ ನಾನು ಹೇಳಬೇಕಾಗಿಲ್ಲ.

“ಮನೇಲಿ ಹೊಲಿಗೆ ಮೆಷಿನ್ನಿಲ್ಲವಲ್ಲ ಸ್ವಾಮಿ” ಅನ್ನುತ್ತೀರಿ. ಮೆಷಿನ್ನು ಬೇಡ. ಪಂಚೆ, ಸೀರೆ ಹಾಸುಹೊಕ್ಕಿನಲ್ಲಿ ನೇಯ್ದ ಬಟ್ಟೆ; ಕತ್ತರಿಸಿದರೆ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತದೆ, ಮಡಿಸಿ ಹೊಲಿಯಲೇಬೇಕು. ಟೀ ಶರ್ಟು ಹಾಗಲ್ಲ. ಅದು ಕುಣಿಕೆಗೆ ಕುಣಿಕೆ ಹಾಕಿ ಹೆಣೆದ ಬಟ್ಟೆ. ಕತ್ತರಿಸಿದ ಅಂಚು ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆಯೇ ಹೊರತು ಎಳೆಎಳೆಯಾಗಿ ಬಿಚ್ಚಿಹೋಗುವುದಿಲ್ಲ.

ಕತ್ತರಿ ಹಿಡಿಯುವ ಮೊದಲು ಬಟ್ಟೆಯನ್ನು ಬೇರ್ಪಡಿಸಿ. ಇದೇ ಮುಖ್ಯ, ದಯವಿಟ್ಟು ಗಮನವಿಟ್ಟು ಕೇಳಿ. ಔಷಧಿ ಸಿಂಪಡಿಸುವಾಗ ತೊಟ್ಟ ಟೀ ಶರ್ಟನ್ನು ಮನೆಯೊಳಗಿನ ಯಾವ ಕೆಲಸಕ್ಕೂ ತರಬೇಡಿ. ಎಷ್ಟು ಒಗೆದರೂ ವಿಷದ ಅಂಶ, ಅದರಲ್ಲೂ ಎಣ್ಣೆಯಂಥ ಔಷಧಿಯದು, ಪೂರ್ತಿ ಹೋಗುವುದಿಲ್ಲ. ಅಂಥ ಬಟ್ಟೆ ಬೊಂತೆಯೊಳಗೆ ಸೇರಿದರೆ ಅದರ ಮೇಲೆ ಮಲಗುವುದು ನಿಮ್ಮ ಕೂಸು. ಅದನ್ನು ಸಿಂಪಡಣೆಗೇ ಮೀಸಲಿಟ್ಟು, ಬೇರೆ ಬಕೀಟಿನಲ್ಲಿ ಒಗೆಯಿರಿ. ನೀರು ಬೆರೆಸದ ಔಷಧಿ ಚೆಲ್ಲಿದ್ದರಂತೂ ಅದರ ಆಸೆಯನ್ನೇ ಬಿಡಿ. ಮಸಿಬಟ್ಟೆಯಾಗಿ ಅಡಿಗೆಮನೆಗೂ ಬೇಡ, ಒಲೆಗೆ ಉರುವಲಾಗಿಯೂ ಬೇಡ.

ಹೊಗೆಸೊಪ್ಪು ಮುರಿಯಲು ತೊಟ್ಟದ್ದಕ್ಕೂ ಇದೇ ಮಾತು. ಮಂಜು ಬಿದ್ದ, ಮಳೆಗೆ ನೆನೆದ ಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ತಲೆಸುತ್ತು, ಓಕರಿಕೆ, ವಾಂತಿ ಬರುವುದು ಅದರಿಂದಲೇ. ಎಷ್ಟೋ ಜನ ಅದನ್ನು ಪಿತ್ತವೆಂದುಕೊಂಡು ನಿಂಬೆಹಣ್ಣಿನ ಶರಬತ್ತು ಕುಡಿದು ಮತ್ತೆ ಸಾಲಿಗೆ ಇಳಿಯುತ್ತಾರೆ. ಮುರಿಯುವ ಕೆಲಸಕ್ಕೆ ಅರ್ಧ ತೋಳಿನ ಟೀ ಶರ್ಟು ಸಾಲದು, ತುಂಬುತೋಳಿನ ಅಂಗಿಯೇ ಬೇಕು. ಅದು ನೆನೆದರೆ ಬದಲಿಸಲು ಒಣಗಿದ ಹಳೆ ಬಟ್ಟೆ ಒಂದೆರಡು ಬದುವಿನ ಮೇಲಿರಲಿ. ನೆನೆದ ಬಟ್ಟೆ ವಿಷವನ್ನು ಮೈಗೆ ಅಂಟಿಸಿಯೇ ಇಟ್ಟುಕೊಂಡಿರುತ್ತದೆ.

ಉಳಿದವುಗಳಲ್ಲಿ ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು? ತುದಿಯಿಂದ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಬಯಲಲ್ಲಿ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎರಡೂ ಆದರೆ ಬೆರಕೆ.

ಈಗ ದಾರ. ಟೀ ಶರ್ಟನ್ನು ಹಾಸಿ, ಕೆಳಗಿನ ಹೊಲಿಗೆಯ ಅಂಚು ತೆಗೆಯಿರಿ. ಕಂಕುಳ ಕೆಳಗೆ ಅಡ್ಡಲಾಗಿ ಕತ್ತರಿಸಿದರೆ ಒಂದು ಕೊಳವೆ ಉಳಿಯುತ್ತದೆ. ಅದರ ಕೆಳ ಅಂಚಿನಿಂದ ಹಿಡಿದು, ಕಿತ್ತಳೆ ಸಿಪ್ಪೆ ಸುಲಿದ ಹಾಗೆ, ಒಂದು ಅಂಗುಲ ಅಗಲಕ್ಕೆ ಸುತ್ತುತ್ತಾ ಮೇಲಕ್ಕೆ ಕತ್ತರಿಸಿ. ಸುತ್ತಳತೆ ಒಂದು ಮೀಟರು, ಎತ್ತರ 40 ಸೆಂಟಿಮೀಟರು ಇದ್ದರೆ ಒಂದೇ ಎಳೆ 16 ಮೀಟರು ಸಿಗುತ್ತದೆ. ಕೈಯಲ್ಲಿ ಎಳೆದರೆ ಅದು ಸುರುಳಿಗೊಂಡು ದುಂಡಗೆ ದಾರವಾಗುತ್ತದೆ, ಇನ್ನೂ ಉದ್ದವಾಗುತ್ತದೆ. ಪಕ್ಕದ ಹೊಲಿಗೆ ಇರುವ ಕಡೆ ಬಿಟ್ಟುಕೊಂಡರೆ ಒಂದು ಗಂಟು ಹಾಕಿ.

ಟೊಮೇಟೊ ಗಿಡವನ್ನು ಕೋಲಿಗೆ ಕಟ್ಟಲು ಇದಕ್ಕಿಂತ ಒಳ್ಳೆಯ ದಾರ ನಾನು ಕಂಡಿಲ್ಲ. ಪ್ಲಾಸ್ಟಿಕ್ ದಾರ ಕಾಂಡ ದಪ್ಪವಾದಂತೆ ಒಳಕ್ಕೆ ಕೊರೆಯುತ್ತದೆ, ಇದು ಕಾಂಡದ ಜೊತೆಗೇ ಹಿಗ್ಗುತ್ತದೆ. ಇಂಗ್ಲಿಷಿನ 8ರ ಆಕಾರದಲ್ಲಿ ಕಟ್ಟಿ: ಒಂದು ಸುತ್ತು ಕೋಲಿಗೆ, ಒಂದು ಸುತ್ತು ಸಡಿಲವಾಗಿ ಗಿಡಕ್ಕೆ. ಮೂರು ಎಳೆ ಸೇರಿಸಿ ಜಡೆ ಹೆಣೆದರೆ ಕರುವಿನ ಕೊರಳಿಗೆ ಮೆತ್ತನೆಯ ಹಗ್ಗವಾಗುತ್ತದೆ. ದೊಡ್ಡ ಎತ್ತಿಗೆ ಮಾತ್ರ ಬೇಡ, ಜಗ್ಗಿದರೆ ಹಿಗ್ಗುವ ಹಗ್ಗ ಅದಕ್ಕೆ ತಡೆಯುವುದಿಲ್ಲ. ಚೂರುಪಾರುಗಳನ್ನು ಕೊಟ್ಟಿಗೆಯಲ್ಲಿ ಚೆಲ್ಲಬೇಡಿ. ದನ ಬಟ್ಟೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ.

ಡೈರಿಗೆ ಹಾಲು ಹಾಕುವವರಿಗೆ ಇನ್ನೊಂದು ಉಪಯೋಗ. ಅಚ್ಚ ಹತ್ತಿಯದನ್ನು ಅಂಗೈಯ ಎರಡರಷ್ಟು ಚೌಕಗಳಾಗಿ ಕತ್ತರಿಸಿ. ಕರೆಯುವ ಮುನ್ನ ಕೆಚ್ಚಲು ಒರೆಸಲು ಹಸುವಿಗೊಂದು ತುಂಡು, ಹೊತ್ತಿಗೊಂದು ತುಂಡು. ಒಂದೇ ಬಟ್ಟೆಯಲ್ಲಿ ನಾಲ್ಕು ಹಸುವಿಗೆ ಒರೆಸಿದರೆ ಒಂದರ ಕೆಚ್ಚಲು ಬಾವು ನಾಲ್ಕಕ್ಕೂ ಹಬ್ಬಬಹುದು. ಬಳಸಿದ್ದನ್ನು ಕುದಿಸಿ, ಬಿಸಿಲಿಗೆ ಒಣಹಾಕಿ.

ಸಂತೆಯ ಚೀಲ ಬೇಕೆ? ತೋಳು ಎರಡನ್ನೂ ಕತ್ತರಿಸಿ, ಕೊರಳನ್ನು ಅಗಲ ಮಾಡಿ. ಹೆಗಲ ಪಟ್ಟಿಗಳೇ ಹಿಡಿಕೆ. ಕೆಳ ಅಂಚಿನಲ್ಲಿ ಎರಡೂ ಪದರ ಸೇರಿಸಿ, ನಾಲ್ಕು ಅಂಗುಲ ಉದ್ದ, ಒಂದು ಅಂಗುಲ ಅಗಲದ ಕುಚ್ಚುಗಳನ್ನು ಕತ್ತರಿಸಿ. ಮುಂದಿನದಕ್ಕೆ ಹಿಂದಿನದನ್ನು ಎರಡು ಗಂಟು ಹಾಕಿ, ಆಮೇಲೆ ಪಕ್ಕದ ಕುಚ್ಚಿಗೂ ಸೇರಿಸಿ ಕಟ್ಟಿ. ಹಾಗೆ ಕಟ್ಟದಿದ್ದರೆ ನಡುವಿನ ಕಂಡಿಯಲ್ಲಿ ಹಸಿಮೆಣಸಿನಕಾಯಿ ದಾರಿಯುದ್ದಕ್ಕೂ ಉದುರುತ್ತದೆ. ತರಕಾರಿಗೆ, ತೆಂಗಿನಕಾಯಿಗೆ ಇದು ಸೈ. ರಾಗಿಗೆ ಹಳೆಯ ಗೋಣಿಚೀಲವೇ ಇರಲಿ.

ಕೊನೆಗೆ ಉಳಿಯುವ ಹತ್ತಿಯ ಚೂರುಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಕೊಳೆಯುತ್ತವೆ. ಪಾಲಿಯೆಸ್ಟರಿನ ಚೂರುಗಳು ಕೊಳೆಯುವುದಿಲ್ಲ, ಗೊಬ್ಬರದ ಜೊತೆ ಹೊಲ ಸೇರಿ ನೇಗಿಲಿಗೆ ಸುತ್ತಿಕೊಳ್ಳುತ್ತವೆ. ಅವನ್ನು ತೊಳೆದು ಒಣಗಿಸಿ ದಿಂಬಿನೊಳಗೆ ತುಂಬಿ.